ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದ ಆ ಮೂರು ದಿನ

ಉಚ್ಚೆ ಕಟ್ಟಿದ ಗಂಡು ಬೆಕ್ಕನ್ನು ಮೊದಲ ಸಲ ನೋಡಿದವರು ಅದನ್ನು ಮಲಬದ್ಧತೆ ಅಂದುಕೊಳ್ಳುವುದೇ ಹೆಚ್ಚು. ಮರಳಿನ ಟ್ರೇಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಏನೂ ಬರದೆ ಎದ್ದು ಬರುತ್ತದೆ, ಐದು ನಿಮಿಷಕ್ಕೆ ಮತ್ತೆ ಅದೇ. ಯಾರೋ ಹರಳೆಣ್ಣೆ ಕುಡಿಸಿ ಅನ್ನುತ್ತಾರೆ, ಇನ್ಯಾರೋ ಎಳನೀರು ಅನ್ನುತ್ತಾರೆ. ಅಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಈ ಕಾಯಿಲೆಯ ಬಿಲ್ ಎಷ್ಟಾಗುತ್ತದೆ ಅನ್ನುವುದು ಆಸ್ಪತ್ರೆಯ ದರಪಟ್ಟಿಗಿಂತ ಹೆಚ್ಚಾಗಿ ಹೀಗೆ ಕಳೆದುಹೋದ ಗಂಟೆಗಳ ಮೇಲೆ ನಿಂತಿದೆ. ಸಂಜೆಯೇ ಹೋದರೆ ಒಂದು ಕ್ಯಾಥೆಟರ್ (ಮೂತ್ರನಾಳಕ್ಕೆ ತೂರಿಸುವ ತೆಳು ಕೊಳವೆ), ಒಂದೆರಡು ದಿನದ ಡ್ರಿಪ್. ಮರುದಿನ ಮಧ್ಯಾಹ್ನ ಹೋದರೆ ಕಿಡ್ನಿ, ಪೊಟ್ಯಾಸಿಯಂ, ಹೃದಯ ಎಲ್ಲವೂ ಬಿಲ್ಲಿಗೆ ಸೇರಿಕೊಂಡಿರುತ್ತವೆ.

ಮೊದಲು ಗೊತ್ತಾಗಬೇಕಾದ್ದು ಹನಿ ಬರುತ್ತಿದೆಯೋ ಇಲ್ಲವೋ ಅನ್ನುವುದು. ಟ್ರೇಯಲ್ಲಿರುವ ಲಿಟರ್, ಅಂದರೆ ಬೆಕ್ಕಿನ ಮರಳನ್ನು, ಪೂರ್ತಿ ತೆಗೆದು, ತೊಳೆದು ಒರೆಸಿ, ತಳಕ್ಕೆ ಬಿಳಿ ಟಿಶ್ಯೂ ಅಥವಾ ಹಳೇ ಪಂಚೆಯ ತುಂಡು ಹಾಸಿ. ಬೆಕ್ಕನ್ನೂ ಟ್ರೇಯನ್ನೂ ಒಂದು ಸಣ್ಣ ಕೋಣೆಗೆ ಸೇರಿಸಿ ಬಾಗಿಲು ಹಾಕಿ. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೂತರೂ ಬಟ್ಟೆ ಒಣಗಿಯೇ ಇದ್ದರೆ ದಾರಿ ಮುಚ್ಚಿದೆ ಎಂದೇ ತಿಳಿದು ಹೊರಡಿ. ಅಲ್ಲಲ್ಲಿ ಗುಲಾಬಿ ಬಣ್ಣದ ಹನಿಗಳಿದ್ದರೆ ಮೂತ್ರಕೋಶದ ಉರಿಯೂತ ಇರಬಹುದು. ನೋವು ಅದಕ್ಕೂ ಇದೆ, ಡಾಕ್ಟರಿಗೆ ತೋರಿಸಲೇಬೇಕು, ಆದರೆ ಬೆಳಗ್ಗೆವರೆಗೆ ಕಾಯಬಹುದು. ಅಷ್ಟೂ ಹೊತ್ತು ಬಟ್ಟೆಯ ಮೇಲೆ ಕಣ್ಣಿಟ್ಟಿರಬೇಕು, ಯಾಕೆಂದರೆ ಸಂಜೆ ಹನಿಸುತ್ತಿದ್ದ ಗಂಡು ಬೆಕ್ಕು ರಾತ್ರಿ ಪೂರ್ತಿ ಕಟ್ಟಿಕೊಳ್ಳಬಹುದು. ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಅದಕ್ಕೆ ಉರಿಯೂತ ಬರುತ್ತದೆ, ಕಟ್ಟಿಕೊಳ್ಳುವುದು ಅಪರೂಪ. ಗಂಡಿನ ನಾಳ ತುದಿಗೆ ಬರುತ್ತಾ ಕಿರಿದಾಗುತ್ತದೆ. ಲೋಳೆ, ಸತ್ತ ಜೀವಕೋಶ, ಮರಳಿನಂಥ ಹರಳು ಸೇರಿ ಆದ ಒಂದು ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಮುಗಿಯಿತು.

ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಭಾಗವನ್ನು ಎರಡು ಬೆರಳಿಂದ ಹಗುರವಾಗಿ ಮುಟ್ಟಿದರೆ ತುಂಬಿದ ಮೂತ್ರಕೋಶ ದೊಡ್ಡ ನಿಂಬೆಕಾಯಿಯಷ್ಟು ಗಟ್ಟಿಯಾಗಿ ಸಿಗುತ್ತದೆ. ಮುಟ್ಟಿ ನೋಡುವುದಷ್ಟೇ. ಒತ್ತಿ ಉಚ್ಚೆ ಮಾಡಿಸುತ್ತೇನೆ ಅಂತ ಹೊರಟರೆ ಒಳಗೇ ಒಡೆದುಹೋಗಬಹುದು.

ಮನೆಮದ್ದಿನ ಮಾತು ಇಲ್ಲೇ ಮುಗಿಸಿಬಿಡೋಣ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಉಚ್ಚೆ ಕಟ್ಟಿದ ಬೆಕ್ಕು ಸಾಯುವುದು ಮುಖ್ಯವಾಗಿ ರಕ್ತದಲ್ಲಿ ಅದೇ ಪೊಟ್ಯಾಸಿಯಂ ಏರಿ ಹೃದಯ ನಿಧಾನವಾಗುವುದರಿಂದ. ಸಿರಿಂಜಿನಲ್ಲಿ ನೀರೋ ಬಾರ್ಲಿ ಗಂಜಿಯೋ ಹಿಂಡಿದರೆ ಹೊರದಾರಿ ಇಲ್ಲದ ಚೀಲಕ್ಕೆ ಇನ್ನಷ್ಟು ತುಂಬಿದಂತಾಗುತ್ತದೆ. ನೋವಿಗೆ ಅಂತ ಡೋಲೋ, ಕ್ರೋಸಿನ್ ಕಾಲು ಮಾತ್ರೆಯನ್ನೂ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಬ್ರೂಫೆನ್, ಡೈಕ್ಲೋಫೆನಾಕ್ ಕಿಡ್ನಿಯನ್ನು ಹಾಳುಮಾಡುತ್ತವೆ.

ಹೊರಡುವ ಮುಂಚೆ ಫೋನ್ ಮಾಡಿ. ನಮ್ಮ ಕಡೆ ಕ್ಲಿನಿಕ್‌ಗಳಲ್ಲಿ ನಾಯಿಗಳದ್ದೇ ದರ್ಬಾರು. ತಾಲೂಕು ಪಶು ಆಸ್ಪತ್ರೆಯಲ್ಲಿ ಹಸು, ಎಮ್ಮೆ, ಕುರಿ. ಬಾಗಿಲು ತೆರೆದಿದೆ ಅಂದಮಾತ್ರಕ್ಕೆ ಬೆಕ್ಕಿನ ಕ್ಯಾಥೆಟರ್ ಇರುತ್ತದೆ ಅಂತಿಲ್ಲ. “ಡಾಕ್ಟ್ರೇ, ಗಂಡು ಬೆಕ್ಕು, ಸಂಜೆಯಿಂದ ಒಂದು ಹನಿಯೂ ಬಂದಿಲ್ಲ. ಈಗ ಕ್ಯಾಥೆಟರ್ ಹಾಕೋಕೆ ಆಗುತ್ತಾ? ರಾತ್ರಿ ನಿಮ್ಮಲ್ಲೇ ಇಟ್ಟುಕೊಳ್ತೀರಾ?” ಇಷ್ಟು ಕೇಳಿದರೆ ಸಾಕು. ಇಲ್ಲ ಅಂದರೆ ನೇರ ಮುಂದಿನ ನಂಬರ್. ಬೆಕ್ಕು ತಿಣುಕುವುದನ್ನು ಮೊಬೈಲ್‌ನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಕೊಂಡಿರಿ. ಮೇಜಿನ ಮೇಲೆ ಹೆದರಿ ಮುದುಡಿ ಕೂತ ಬೆಕ್ಕಿಗಿಂತ ಆ ವಿಡಿಯೋ ಹೆಚ್ಚು ಹೇಳುತ್ತದೆ.

ಆಸ್ಪತ್ರೆಯಲ್ಲಿ ಮೊದಲು ನೋಡಬೇಕಾದ್ದು ಹೃದಯ ಮತ್ತು ಮೈಯ ಬಿಸಿ. ಆಸ್ಪತ್ರೆಗೆ ಬಂದ ಬೆಕ್ಕಿನ ಎದೆ ನಿಮಿಷಕ್ಕೆ 160ರಿಂದ 220 ಸಲ ಬಡಿಯುತ್ತಿರುತ್ತದೆ. 120ಕ್ಕಿಂತ ಕೆಳಗಿಳಿದು ಮೈಯೂ ತಣ್ಣಗಾಗಿದ್ದರೆ ಪೊಟ್ಯಾಸಿಯಂ ಅಪಾಯ ಮಟ್ಟ ದಾಟಿದೆ ಎಂದರ್ಥ. ಆಗ ಕ್ಯಾಥೆಟರಿಗೂ ಮುಂಚೆ ಡ್ರಿಪ್, ಕ್ಯಾಲ್ಸಿಯಂ ಗ್ಲುಕೋನೇಟ್, ಬೇಕಾದರೆ ಗ್ಲೂಕೋಸಿನ ಜೊತೆ ಇನ್ಸುಲಿನ್. ಆಮೇಲೆ ಅರಿವಳಿಕೆ. ಎಚ್ಚರವಿರುವ ಬೆಕ್ಕಿಗೆ ನಾಲ್ಕು ಜನ ಹಿಡಿದುಕೊಂಡು ಕ್ಯಾಥೆಟರ್ ತುರುಕುವ ಕಡೆ ಬೆಕ್ಕನ್ನು ಬಿಡಬೇಡಿ. ನೋವಿಗೆ ನಾಳ ಬಿಗಿದುಕೊಳ್ಳುತ್ತದೆ, ತುರುಕಿದರೆ ಹರಿಯುತ್ತದೆ.

ಕೆಲಸ ನಡೆಯುವುದು ಹೀಗೆ. ಲಿಂಗದ ತುದಿಯಲ್ಲಿ ಬಿರಡೆ ಕಾಣುತ್ತಿದ್ದರೆ ಡಾಕ್ಟರು ಬೆರಳಲ್ಲೇ ಮೆಲ್ಲಗೆ ಉಜ್ಜಿ ತೆಗೆಯುತ್ತಾರೆ, ಕೆಲವೊಮ್ಮೆ ಅಷ್ಟಕ್ಕೇ ಉಚ್ಚೆ ಚಿಮ್ಮುತ್ತದೆ. ಇಲ್ಲವಾದರೆ ಲಿಂಗವನ್ನು ಬಾಲದ ಕಡೆಗೆ ಎಳೆದು ಹಿಡಿಯುತ್ತಾರೆ. ಹಾಗೆ ಹಿಡಿದರೇ ಒಳಗಿನ ನಾಳದ ಬಾಗು ನೇರವಾಗುವುದು. 3.5 ಫ್ರೆಂಚ್, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಕ್ಯಾಥೆಟರಿಗೆ ಜೆಲ್ ಹಚ್ಚಿ, ಹಿಂದಿನಿಂದ ಸಿರಿಂಜಿನಲ್ಲಿ ಸಲೈನ್ ಒತ್ತುತ್ತಾ ಕೂದಲೆಳೆಯಷ್ಟೇ ಮುಂದಕ್ಕೆ ಹೋಗಬೇಕು. ಬಿರಡೆಯನ್ನು ನೀರಿನ ಒತ್ತಡ ಸರಿಸಬೇಕು, ಕ್ಯಾಥೆಟರಿನ ಮೊನೆ ಅಲ್ಲ. ಸಣ್ಣ ಊರಿನಲ್ಲಿ ಅನುಭವಸ್ಥ ಡಾಕ್ಟರುಗಳು ಡ್ರಿಪ್ ಹಾಕಲು ಬಳಸುವ 22 ಅಥವಾ 24 ಗೇಜಿನ ಐವಿ ಕ್ಯಾನುಲಾದ ಸೂಜಿ ತೆಗೆದು, ಬರೀ ಪ್ಲಾಸ್ಟಿಕ್ ಕೊಳವೆಯಿಂದ ತುದಿಯ ಬಿರಡೆ ಬಿಡಿಸುವುದುಂಟು. ಕೆಲಸ ಆಗುತ್ತದೆ. ದಾರಿ ಬಿಟ್ಟ ಮೇಲೆ ಕೆಂಪು, ಕಂದು ನೀರು ಹೊರಬಂದು ಕ್ರಮೇಣ ತಿಳಿಯಾಗುವವರೆಗೆ ಮೂತ್ರಕೋಶ ತೊಳೆಯುತ್ತಾರೆ. ಗಟ್ಟಿ ಕ್ಯಾಥೆಟರ್ ತೆಗೆದು ಮೆತ್ತನೆಯದನ್ನು ಹಾಕಿ, ಹೊಲಿದು, ಚೀಲಕ್ಕೆ ಜೋಡಿಸಿ ಒಂದೆರಡು ದಿನ ಬಿಡುತ್ತಾರೆ. ಕುತ್ತಿಗೆಗೆ ಕಾಲರ್ ಇಲ್ಲದಿದ್ದರೆ ಬೆಕ್ಕು ಅದನ್ನು ಅರ್ಧ ಗಂಟೆಯಲ್ಲಿ ಕಿತ್ತುಹಾಕುತ್ತದೆ.

ಈಗ ದುಡ್ಡು. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನ್, ಅರಿವಳಿಕೆ, ಕ್ಯಾಥೆಟರ್, ಎರಡು ರಾತ್ರಿಯ ವಾಸ್ತವ್ಯ ಎಲ್ಲ ಸೇರಿದರೆ ₹15,000 ದಾಟುವುದು ಮಾಮೂಲು, ತಡವಾದ ಕೇಸಿನಲ್ಲಿ ಅದರ ಎರಡರಷ್ಟು. ಒಳಗೆ ಕಳಿಸುವ ಮುಂಚೆಯೇ ಬರವಣಿಗೆಯಲ್ಲಿ ಎಸ್ಟಿಮೇಟ್ ಕೇಳಿ. ನಾಚಿಕೆಪಡುವಂಥದ್ದೇನೂ ಇಲ್ಲ, “ನನ್ನ ಹತ್ತಿರ ಇಷ್ಟಿದೆ, ಇದರಲ್ಲಿ ಯಾವುದು ಇವತ್ತೇ ಆಗಬೇಕು?” ಅಂದರೆ ಒಳ್ಳೆ ಡಾಕ್ಟರು ಪಟ್ಟಿಯನ್ನೇ ಬದಲಿಸಿ ಕೊಡುತ್ತಾರೆ. ಬಿಡಲಾಗದ್ದು ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವುದು) ಪರೀಕ್ಷೆ, ಡ್ರಿಪ್, ಅರಿವಳಿಕೆ, ನೋವಿನ ಇಂಜೆಕ್ಷನ್. ಎಕ್ಸ್‌ರೇಯೂ ದುಡ್ಡಿಗೆ ಮೋಸವಿಲ್ಲದ್ದು, ಕಲ್ಲಿದ್ದರೆ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಹರೆಯದ ಬೆಕ್ಕಿಗೆ ಮೊದಲ ಸಲ ಬಂದಾಗ ಮೂತ್ರದಲ್ಲಿ ಬ್ಯಾಕ್ಟೀರಿಯಾ ಹುಡುಕುವ ಕಲ್ಚರ್ ಪರೀಕ್ಷೆ ಮುಂದಕ್ಕೆ ಹಾಕಬಹುದು, ಆ ವಯಸ್ಸಿನಲ್ಲಿ ಬ್ಯಾಕ್ಟೀರಿಯಾ ಕಾರಣವಾಗುವುದು ಕಡಿಮೆ. ಅದೇ ಕಾರಣಕ್ಕೆ ಬರೀ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು “ನಾಳೆ ನೋಡೋಣ” ಅಂತ ಕಳಿಸಿದರೆ ನಾನಾದರೆ ಬೇರೆ ಕಡೆ ಹೋಗುತ್ತೇನೆ. ಕಟ್ಟಿದ ದಾರಿಯನ್ನು ಯಾವ ಆಂಟಿಬಯಾಟಿಕ್ಕೂ ತೆರೆಯುವುದಿಲ್ಲ.

ಹಗಲಾಗಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳನ್ನು ಮರೆಯಬೇಡಿ: ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್. ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಸಾಲು ಉದ್ದ, ಹಾಗಾಗಿ ಚೀಟಿ ಕೊಡುವಲ್ಲೇ “ಉಚ್ಚೆ ಕಟ್ಟಿದ ಬೆಕ್ಕು, ಎಮರ್ಜೆನ್ಸಿ” ಅಂತ ಗಟ್ಟಿಯಾಗಿ ಹೇಳಬೇಕು.

ಆಸ್ಪತ್ರೆಯಲ್ಲಿ ಇಡುವಷ್ಟು ದುಡ್ಡೇ ಇಲ್ಲದಾಗ ಇನ್ನೊಂದು ದಾರಿಯಿದೆ. ಹೊಟ್ಟೆಯ ಮೂಲಕ ಸಣ್ಣ ಸೂಜಿಯಿಂದ ಮೂತ್ರ ತೆಗೆಯುತ್ತಾ, ನೋವಿಗೂ ನಿದ್ದೆಗೂ ಔಷಧ ಕೊಟ್ಟು, ಕತ್ತಲೆಯ ನಿಶ್ಶಬ್ದ ಕೋಣೆಯಲ್ಲಿಟ್ಟು, ಕ್ಯಾಥೆಟರ್ ಇಲ್ಲದೆಯೇ ನಾಳ ಸಡಿಲವಾಗುವುದನ್ನು ಕಾಯುವುದು. 2010ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ವರದಿಯಲ್ಲಿ ಹೀಗೆ ನೋಡಿಕೊಂಡ 15 ಗಂಡು ಬೆಕ್ಕುಗಳಲ್ಲಿ 11 ತಾವಾಗಿಯೇ ಉಚ್ಚೆ ಮಾಡಿದವು. ಕಲ್ಲಿರುವ, ರಕ್ತ ಪರೀಕ್ಷೆ ತೀರಾ ಕೆಟ್ಟಿರುವ ಬೆಕ್ಕುಗಳಿಗೆ ಇದು ಹೊಂದುವುದಿಲ್ಲ. ಇದೂ ಡಾಕ್ಟರ ಕೈಯಲ್ಲೇ ಆಗುವ ಕೆಲಸ.

ದಾರಿ ಬಿಟ್ಟ ಮೇಲಿನ ಹೊತ್ತೂ ನಾಜೂಕಿನದೇ. ಆರೋಗ್ಯವಾಗಿರುವ ಬೆಕ್ಕು ಕಿಲೋ ತೂಕಕ್ಕೆ ಗಂಟೆಗೆ 1ರಿಂದ 2 ಮಿಲೀ ಮೂತ್ರ ಮಾಡುತ್ತದೆ. ಕಟ್ಟು ಬಿಟ್ಟ ಬೆಕ್ಕು ಅದರ ಹಲವು ಪಟ್ಟು ಸುರಿಸುತ್ತದೆ, ಹೋದಷ್ಟನ್ನು ಡ್ರಿಪ್ ತುಂಬಿಕೊಡಬೇಕು. ಭೇಟಿಗೆ ಹೋದಾಗ ಚೀಲದಲ್ಲಿ ಎಷ್ಟಾಯಿತು ಅಂತ ಕೇಳಿ. ಯಾರೂ ಅಳೆದು ಬರೆದಿಡುತ್ತಿಲ್ಲ ಅಂದರೆ ರಾತ್ರಿಯ ಬಾಡಿಗೆ ದಂಡ. ಕ್ಯಾಥೆಟರ್ ತೆಗೆದ ದಿನವೇ ಮನೆಗೆ ಕರೆದುಕೊಂಡು ಬರುವ ಆತುರ ಬೇಡ, ತಾನಾಗಿಯೇ ಧಾರೆಯಾಗಿ ಉಚ್ಚೆ ಮಾಡಿದ್ದನ್ನು ಅಲ್ಲಿಯವರು ನೋಡಿರಬೇಕು. ಮತ್ತೆ ಕಟ್ಟುವ ಭಯ ಮೊದಲ ವಾರದಲ್ಲೇ ಹೆಚ್ಚು.

ಮನೆಯಲ್ಲಿ ಮಾಡಬೇಕಾದ್ದರಲ್ಲಿ ನೀರಿನದೇ ಮೇಲುಗೈ. ನಾಲ್ಕು ಕಿಲೋ ಬೆಕ್ಕಿಗೆ ಊಟದ್ದೂ ಸೇರಿ ದಿನಕ್ಕೆ ಸುಮಾರು 200 ಮಿಲೀ ನೀರು ಬೇಕು. ಅಂಗಡಿಯ ಒಣ ಕಾಳಿನ ಬೆಕ್ಕಿನ ಆಹಾರದಲ್ಲಿ ನೀರಿರುವುದು ನೂರಕ್ಕೆ ಹತ್ತು ಪಾಲು, ಹಸಿ ಆಹಾರದ ಪೌಚಿನಲ್ಲಿ ಎಂಬತ್ತು. ಅಂದರೆ 85 ಗ್ರಾಂ ಪೌಚ್ ಒಂದರಿಂದಲೇ ಹತ್ತಿರ ಹತ್ತಿರ 70 ಮಿಲೀ. ಪೌಚಿಗೆ ಎರಡು ಚಮಚ ಬಿಸಿನೀರು ಕಲಸಿ ಕೊಟ್ಟರೆ ಬಹಳಷ್ಟು ಬೆಕ್ಕುಗಳು ತಕರಾರಿಲ್ಲದೆ ನೆಕ್ಕುತ್ತವೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಕೋಳಿ ಬೇಯಿಸಿದ ನೀರೂ ಆಗುತ್ತದೆ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದ ದೂರ ಎರಡು ಮೂರು ಕಡೆ ಇರಲಿ.

ಮೂತ್ರದ ತೊಂದರೆಗೆಂದೇ ಮಾಡಿದ ಯೂರಿನರಿ ಡಯಟ್ ಆಹಾರದ ಚೀಲ ದುಬಾರಿ. ಕೊಳ್ಳುವ ಮುಂಚೆ ಹರಳು ಯಾವ ಜಾತಿಯದು ಅಂತ ಕೇಳಿ. ಸ್ಟ್ರುವೈಟ್ ಆದರೆ ಕೆಲವು ವಾರಗಳಲ್ಲಿ ಆ ಆಹಾರಕ್ಕೇ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗದು, ತೆಗೆಯಲೇಬೇಕು. ಮೂತ್ರದ ಸ್ಯಾಂಪಲ್ಲನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಲ್ಯಾಬಿಗೆ ಕೊಟ್ಟರೆ ತಣ್ಣಗಾದಾಗಲೇ ಹರಳುಗಟ್ಟಿ, ಇಲ್ಲದ ಕಾಯಿಲೆ ವರದಿಯಲ್ಲಿ ಬರುತ್ತದೆ. ತಾಜಾ ಕೊಡಬೇಕು. ಇನ್ನು ಕಲ್ಲೂ ಇಲ್ಲ, ಸೋಂಕೂ ಇಲ್ಲ, ಆದರೂ ಉರಿಯೂತ ಅನ್ನುವ ಬೆಕ್ಕುಗಳೇ ಹೆಚ್ಚು. ಅವಕ್ಕೆ ಮನೆ ಬದಲಾವಣೆ, ದೀಪಾವಳಿ ಪಟಾಕಿ, ಕಾಂಪೌಂಡಿನ ಮೇಲೆ ಕೂತು ಗುರುಗುಡುವ ಬೀದಿ ಕೊತ್ತಿ, ಕೊಳಕು ಟ್ರೇ ಇವೇ ಕಾಯಿಲೆ ಎಬ್ಬಿಸುತ್ತವೆ. ಬೆಕ್ಕುಗಳ ಲೆಕ್ಕಕ್ಕಿಂತ ಒಂದು ಟ್ರೇ ಜಾಸ್ತಿ ಇಡಿ, ಅದೂ ಬೇರೆಬೇರೆ ಕಡೆ.

ಇಷ್ಟಾದರೂ ಎರಡನೇ, ಮೂರನೇ ಸಲ ಕಟ್ಟಿಕೊಂಡರೆ ಡಾಕ್ಟರು ಆಪರೇಷನ್ ಮಾತೆತ್ತುತ್ತಾರೆ. ಕಿರಿದಾದ ತುದಿಯನ್ನು ತೆಗೆದು, ಅಗಲವಿರುವ ಜಾಗದಲ್ಲೇ ಹೊರದಾರಿ ಮಾಡಿಕೊಡುವುದು. ಆಮೇಲೆ ಕಟ್ಟುವುದು ಅಪರೂಪ, ಆದರೆ ದಾರಿ ಗಿಡ್ಡವಾಗುವುದರಿಂದ ಸೋಂಕಿಗೆ ಹಾದಿ ಸುಲಭ, ಉರಿಯೂತವೂ ಇದರಿಂದ ಹೋಗುವುದಿಲ್ಲ. ಮೂರು ಸಲದ ಕ್ಯಾಥೆಟರ್ ಬಿಲ್ ಕೂಡಿಸಿ ನೋಡಿದರೆ ಆಪರೇಷನ್ನೇ ಅಗ್ಗ ಅನ್ನಿಸುವುದುಂಟು. ಬೇರೆಬೇರೆ ಕಡೆ ಎರಡು ಎಸ್ಟಿಮೇಟ್ ತೆಗೆದುಕೊಳ್ಳಿ, ಈ ಆಪರೇಷನ್ ಆಗಾಗ ಮಾಡುವವರೇ ಅಂತ ಕೇಳಿ, ಯಾಕೆಂದರೆ ಹೊಲಿಗೆ ಸರಿಯಿಲ್ಲದಿದ್ದರೆ ಹೊಸ ದಾರಿಯೂ ಕುಗ್ಗಿ ಮುಚ್ಚುತ್ತದೆ. ಗಾಯ ಮಾಯುವವರೆಗೆ, ಅಂದರೆ ಹತ್ತು ಹದಿನಾಲ್ಕು ದಿನ, ಟ್ರೇಯಲ್ಲಿ ಲಿಟರ್ ಬೇಡ. ಹೊಲಿಗೆಗೆ ಅಂಟುತ್ತದೆ. ಹಳೇ ದಿನಪತ್ರಿಕೆ ಚೂರು ಮಾಡಿ ಹಾಕಿ, ದಿನಕ್ಕೆ ಎರಡು ಸಲ ಬದಲಿಸಿ, ಕಾಲರ್ ತೆಗೆಯಬೇಡಿ.