ಮೊಳೆಯದ ಬೀಜ, ಐವರು ಅಣ್ಣತಮ್ಮಂದಿರು

ಬಾಟನಿ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನನ್ನ ಪಾಲಿಗೆ ಬಂದದ್ದು ಅರಬಿಡಾಪ್ಸಿಸ್. ಸಾಸಿವೆಯ ದೂರದ ನೆಂಟ. ಬೀಜ ಎಷ್ಟು ಸಣ್ಣದೆಂದರೆ ಜೋರಾಗಿ ಉಸಿರು ಬಿಟ್ಟರೆ ಮಾಯ. ಗೆಳೆಯರೆಲ್ಲ ಮರ, ಬಳ್ಳಿ ಅಂತ ಹೊರಗೆ ತಿರುಗಾಡುತ್ತಿದ್ದರು. ನನಗೆ ಟ್ರೇ, ಸ್ಕೇಲು, ಟ್ಯೂಬ್‌ಲೈಟು. ಸ್ವಲ್ಪ ಬೇಜಾರೇ ಆಗಿತ್ತು.

ಗಿಡ ಉದ್ದವಾಗಲು ಜಿಬ್ಬರೆಲಿನ್ ಎಂಬ ಹಾರ್ಮೋನ್ ಬೇಕು ಅಂತ ಓದಿರುತ್ತೀರಿ. ಅದು ಕೆಲಸ ಮಾಡುವ ರೀತಿ ಮಜವಾಗಿದೆ. ಡೆಲ್ಲಾ ಎಂಬ ಪ್ರೋಟೀನುಗಳು ಮೊದಲೇ ಬ್ರೇಕ್ ಹಾಕಿ ಕೂತಿರುತ್ತವೆ. ಜಿಬ್ಬರೆಲಿನ್ ಬಂದರೆ ಜೀವಕೋಶ ಆ ಬ್ರೇಕನ್ನೇ ಒಡೆದು ಹಾಕುತ್ತದೆ. ಅರಬಿಡಾಪ್ಸಿಸ್‌ನಲ್ಲಿ ಈ ಬ್ರೇಕುಗಳನ್ನು ತಯಾರಿಸುವ ಜೀನ್‌ಗಳು 5: ಜಿಎಐ, ಆರ್‌ಜಿಎ, ಆರ್‌ಜಿಎಲ್1, 2 ಮತ್ತು 3.

ನನ್ನ ಹತ್ತಿರ ಮೂರು ಬಗೆಯ ಬೀಜ ಇತ್ತು. ಒಂದು, ಜಿಬ್ಬರೆಲಿನ್ ತಯಾರಿಸಲಾಗದ ಕುಳ್ಳ ಗಿಡದ್ದು. ಎರಡನೆಯದು ಅದೇ ಕುಳ್ಳ, ಆದರೆ ಆರ್‌ಜಿಎ ಇಲ್ಲ. ಮೂರನೆಯದರಲ್ಲಿ ಆರ್‌ಜಿಎಯೂ ಇಲ್ಲ, ಜಿಎಐಯೂ ಇಲ್ಲ. ಬಿತ್ತಬೇಕು, ಅಳೆಯಬೇಕು, ಬರೆದಿಡಬೇಕು. ಅಷ್ಟೇ.

ಬಿತ್ತಿದೆ. ಹತ್ತು ದಿನವಾದರೂ ಒಂದೂ ಮೊಳೆಯಲಿಲ್ಲ. ಪಕ್ಕದ ಟ್ರೇಯಲ್ಲಿ ಮಾಮೂಲಿ ಗಿಡಗಳು ಆಗಲೇ ಎಲೆ ಬಿಟ್ಟಿದ್ದವು. ಹಳೇ ಬೀಜ ಕೊಟ್ಟಿದ್ದಾರೆ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ನನ್ನ ಗೈಡ್ ಮೇಡಂ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಜಿಬ್ಬರೆಲಿನ್‌ನಲ್ಲಿ ನೆನೆ ಹಾಕಿದ್ಯಾ?"

ಇಲ್ಲ. ಮರೆತೇಬಿಟ್ಟಿದ್ದೆ. ಮೊಳೆಯುವುದಕ್ಕೂ ಅದು ಬೇಕು, ಈ ಬೀಜಗಳು ತಾವೇ ತಯಾರಿಸಲಾರವು.

ಬೈಗುಳಕ್ಕೆ ಕಾದು ನಿಂತೆ. ಅವರು ಸ್ಟೂಲ್ ಎಳೆದುಕೊಂಡು ಕೂತರು. "ಸರಿ, ಎರಡು ಬ್ರೇಕ್ ತೆಗೆದ ಬೀಜವೂ ಯಾಕೆ ಮೊಳೆಯಲಿಲ್ಲ, ಹೇಳು ನೋಡೋಣ." ನಾನು ಸುಮ್ನೆ ನಿಂತಿದ್ದೆ. "ಮೊಳಕೆಗೆ ಕಾವಲು ಇರೋನು ಬೇರೆಯವನಪ್ಪ. ಆರ್‌ಜಿಎಲ್2. ಕಾಂಡ ಅಣ್ಣಂದಿರ ಪಾಲು, ಬೀಜ ತಮ್ಮನ ಪಾಲು."

ಆಮೇಲೆ ಬೋರ್ಡ್ ಮೇಲೆ ಒಂದು ವಂಶವೃಕ್ಷ ಬರೆದರು. ಅಲ್ಲಿಯವರೆಗೆ 'ಜೀನ್ ಕುಟುಂಬ' ನನಗೆ ಪರೀಕ್ಷೆಯ 2 ಮಾರ್ಕಿನ ಪ್ರಶ್ನೆ. ಒಂದು ಜೀನ್ ನಕಲಾಗಿ ಎರಡಾಗುತ್ತದೆ. ಒಮ್ಮೊಮ್ಮೆ ಇಡೀ ಜೀನೋಮೇ, ಅಂದರೆ ಗಿಡದ ಎಲ್ಲ ಜೀನ್‌ಗಳ ಕಟ್ಟೇ, ನಕಲಾಗುತ್ತದೆ. ಅರಬಿಡಾಪ್ಸಿಸ್‌ನ ಪೂರ್ವಜರಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಸಲ ಆಗಿದೆ. ಹೆಚ್ಚಿನ ನಕಲುಗಳು ಕೆಟ್ಟು ಅಳಿಸಿಹೋಗುತ್ತವೆ. ಉಳಿದ ಜೋಡಿಯಲ್ಲಿ ಒಬ್ಬ ಹಳೇ ಕೆಲಸ ನೋಡಿಕೊಂಡರೆ ಇನ್ನೊಬ್ಬನಿಗೆ ಬದಲಾಗಲು ಬಿಡುವು ಸಿಗುತ್ತದೆ. ತಳಿವಿಜ್ಞಾನಿ ಸುಸುಮು ಓನೊ 1970ರಲ್ಲಿ ವಾದಿಸಿದ್ದು ಇದನ್ನೇ. ಇಲ್ಲವೇ ಇಬ್ಬರೂ ಹಳೇ ಕೆಲಸವನ್ನೇ ಪಾಲು ಮಾಡಿಕೊಳ್ಳುತ್ತಾರೆ.

ಭತ್ತದಲ್ಲಿ ಡೆಲ್ಲಾ ಒಂದೇ. ಅದು ಕೆಟ್ಟರೆ ಸಂಭಾಳಿಸಲು ಯಾರೂ ಇಲ್ಲ, ಗಿಡ ಸಣಕಲಾಗಿ ಉದ್ದಕ್ಕೆ ಎದ್ದುಬಿಡುತ್ತದೆ. ಕುಳ್ಳ ಗೋಧಿಯ ಕಥೆ ತಿರುಗುಮುರುಗು: ಅಲ್ಲಿ ಒಡೆಯಲು ಬಾರದಂತೆ ಬದಲಾದ ಬ್ರೇಕ್. ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನಿಗೂ ಇಂಥದೇ ಬ್ರೇಕುಗಳಿವೆ. ಆಕ್ಸ್/ಐಎಎ ಅಂತ ಹೆಸರು. ಮಾರ್ಕಾಂಶಿಯಾ ಎಂಬ ಹಾವಸೆಯಂಥ ಪುಟ್ಟ ಸಸ್ಯದಲ್ಲಿ ಅಂಥದು 1, ಅರಬಿಡಾಪ್ಸಿಸ್‌ನಲ್ಲಿ 29! ಲ್ಯಾಬಿನ ಜಾಡಿಯಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತಿದ್ದ ಆ ಮಾರ್ಕಾಂಶಿಯಾವನ್ನು ಅದುವರೆಗೆ ನಾನು ತಿರುಗಿಯೂ ನೋಡಿರಲಿಲ್ಲ.

ಎರಡನೇ ಸಲ ಬೀಜ ನೆನೆಹಾಕಿ, ಚೆನ್ನಾಗಿ ತೊಳೆದು ಬಿತ್ತಿದೆ. ತೊಳೆಯದಿದ್ದರೆ ಉಳಿದ ಜಿಬ್ಬರೆಲಿನ್ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಈ ಸಲ ಎಲ್ಲವೂ ಮೊಳೆತವು. ಕುಳ್ಳ ಕುಳ್ಳನಾಗೇ ಉಳಿಯಿತು. ಆರ್‌ಜಿಎ ಇಲ್ಲದ್ದು ಅರ್ಧಂಬರ್ಧ ಎದ್ದಿತು. ಎರಡೂ ಇಲ್ಲದ್ದು ಮಾಮೂಲಿ ಗಿಡದ ಸಮಕ್ಕೆ ನಿಂತಿತು. ಖುಷಿಯಲ್ಲಿ ಮೇಡಂ ಅವರನ್ನು ಕರೆದುಕೊಂಡು ಬಂದೆ. ಅವರು ಎತ್ತರ ನೋಡಲೇ ಇಲ್ಲ. ಬಗ್ಗಿ ಹೂವು ನೋಡಿದರು.

"ಕಾಯಿ ಎಲ್ಲಿ?"

ಒಂದೂ ಕಟ್ಟಿರಲಿಲ್ಲ. ಹೂವಿನ ವಿಷಯದಲ್ಲೂ ತಮ್ಮಂದಿರ ಕೈ ಇತ್ತು. ನಾನು ಸ್ಕೇಲು ಹಿಡಿದು ಬರೀ ಕಾಂಡ ಅಳೆದಿದ್ದೆ.

ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಕೊನೆಯ ಪುಟದ ಅಂಚಿನಲ್ಲಿ ಅವರ ಕೆಂಪು ಇಂಕು: "ಆರ್‌ಜಿಎಲ್3 ಸುಮ್ನೆ ಕೂತಿದಾನಾ?" ವೈವಾದಲ್ಲೂ ಅದನ್ನೇ ಕೇಳಿದರು. ಉತ್ತರ ಗೊತ್ತಿರಲಿಲ್ಲ. 2 ಮಾರ್ಕು ಹೋಯಿತು.