ಕೊರಿಯಾದ ಶಾಲೆಗೆ ಏನು ಹಾಕಿಕೊಂಡು ಹೋಗಬೇಕು ಎಂದು ಕೇಳುವವರಿಗೆ

ದಕ್ಷಿಣ ಕೊರಿಯಾದ ಒಂದು ಸಣ್ಣ ಪಟ್ಟಣದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿದ್ದೆ ಎಂದು ತಿಳಿದ ಕೂಡಲೇ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರಿಂದ ಹಿಡಿದು ಬಿ.ಎಡ್. ಮುಗಿಸಿ ಹೊರದೇಶದ ಕೆಲಸ ಹುಡುಕುತ್ತಿರುವ ಹುಡುಗಿಯರವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಶಾಲೆಗೆ ಏನು ಹಾಕಿಕೊಂಡು ಹೋಗಬೇಕು?" ಮೊದಮೊದಲು ಸಮಾಧಾನದಿಂದ ಉತ್ತರಿಸುತ್ತಿದ್ದೆ. ಈಗ ಆ ಸಮಾಧಾನ ಉಳಿದಿಲ್ಲ. ಪ್ರಶ್ನೆ ತಪ್ಪೆಂದಲ್ಲ, ಅದನ್ನು ಕೇಳುವ ರೀತಿ ನನಗೆ ಸೇರುವುದಿಲ್ಲ. "ಸೀರೆ ಉಡಲು ಬಿಡುತ್ತಾರೆಯೇ?", "ಮಿನಿಸ್ಕರ್ಟ್ ಹಾಕಲೇಬೇಕಂತೆ, ಹೌದೇ?", "ಕುಂಕುಮ ಇಟ್ಟರೆ ಕೆಲಸದಿಂದ ತೆಗೆಯುತ್ತಾರಂತೆ?" ಎಂದು ಕೇಳುವವರ ಮನಸ್ಸಿನಲ್ಲಿ ಶಾಲೆಯೇ ಇರುವುದಿಲ್ಲ, ಮಕ್ಕಳೂ ಇರುವುದಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಬಿಡಲೋ ಬೇಡವೋ ಎಂದು ಅಳೆಯುವ ಯಾರೋ ಒಬ್ಬರು ಮಾತ್ರ ಇರುತ್ತಾರೆ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ.

ಮೊದಲು, ಯಾರು ಹೋಗಬಹುದು ಎಂಬುದು ಸ್ಪಷ್ಟವಾಗಲಿ. ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಕೊಡುವ ಇ-2 ವೀಸಾ ಬಹುಮಟ್ಟಿಗೆ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಸರ್ಕಾರಿ ಶಾಲೆಗಳಿಗೆ ವಿದೇಶಿ ಶಿಕ್ಷಕರನ್ನು ಕರೆತರಲು 1995ರಲ್ಲಿ ಆರಂಭವಾದ ಎಪಿಕ್ ಯೋಜನೆಯೂ ಇವರನ್ನೇ ನೆಚ್ಚಿಕೊಂಡಿದೆ. ಭಾರತ ಮತ್ತು ಕೊರಿಯಾ ನಡುವಿನ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದ ಮೇಲೆ, ಪದವಿಯ ಜೊತೆಗೆ ಶಿಕ್ಷಕ ಅರ್ಹತೆಯುಳ್ಳ ಭಾರತೀಯರಿಗೂ ಪ್ರಾಥಮಿಕ ಮತ್ತು ಪ್ರೌಢ ಹಂತದ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ದಾರಿ ತೆರೆಯಿತು. ದಾರಿ ಕಿರಿದು, ಆದರೂ ಇದೆ. ಹಾಗ್ವನ್ ಎಂದು ಕರೆಯುವ ಖಾಸಗಿ ಟ್ಯೂಷನ್ ಸಂಸ್ಥೆಗಳಲ್ಲಿ ಮಾಲೀಕರ ಇಷ್ಟವೇ ನಿಯಮವಾಗಿರುವುದರಿಂದ ಅವುಗಳ ಮಾತನ್ನು ಇಲ್ಲಿ ಬಿಡುತ್ತೇನೆ. ನಾನು ಹೇಳುವುದೆಲ್ಲ ಶಾಲೆಯ ವಿಷಯ.

ಶಾಲೆಯಲ್ಲಿ ನಿಮ್ಮ ಕೈಗೆ ಯಾರೂ ಅಂಗುಲ ಲೆಕ್ಕದ ಉಡುಪಿನ ನಿಯಮಾವಳಿಯನ್ನು ಕೊಡುವುದಿಲ್ಲ. ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಸರ್ಕಾರಿ ನೌಕರರು, ನೌಕರರು ತಮ್ಮ ಸ್ಥಾನದ ಘನತೆಯನ್ನು ಕಾಪಾಡಬೇಕು ಎಂಬ ಒಂದು ಸಾಮಾನ್ಯ ಕರ್ತವ್ಯ ಕಾನೂನಿನಲ್ಲಿದೆ. ಅದರ ಅರ್ಥವನ್ನು ಪ್ರತಿ ಶಾಲೆಯೂ ತನ್ನ ಸ್ಟಾಫ್ ರೂಮಿನಲ್ಲಿ, ಮಾತಿಲ್ಲದೆ, ತೀರ್ಮಾನಿಸಿಕೊಂಡಿರುತ್ತದೆ. ಹೀಗಾಗಿ ನಿಮ್ಮ ವಯಸ್ಸಿನ ಕೊರಿಯನ್ ಶಿಕ್ಷಕಿ ಅಥವಾ ಶಿಕ್ಷಕ ಮಂಗಳವಾರದಂಥ ಸಾಧಾರಣ ದಿನ ಏನು ಹಾಕಿಕೊಂಡು ಬರುತ್ತಾರೋ ಅದನ್ನು ನೋಡಿ. ಬಹುತೇಕ ಕಡೆ ಅದು ಸಾದಾ ಪ್ಯಾಂಟು, ಕೊರಳು ಮುಚ್ಚುವ ಅಂಗಿ, ಮೇಲೊಂದು ಕಾರ್ಡಿಗನ್. ಗಂಡಸರಿಗೆ ಕಾಲರ್ ಇರುವ ಅಂಗಿ ಸಾಕು, ಟೈ ದಿನವೂ ಬೇಕಿಲ್ಲ. ಕೋಟು ಬೇಕಾಗುವ ದಿನಗಳನ್ನು ಮೊದಲೇ ಹೇಳಬಹುದು: ಮಾರ್ಚ್ ಆರಂಭದ ಶಾಲಾ ಪ್ರವೇಶದ ಸಮಾರಂಭ, ಪೋಷಕರು ಹಿಂದಿನ ಸಾಲಿನಲ್ಲಿ ನಿಂತು ಪಾಠ ನೋಡುವ ತೆರೆದ ತರಗತಿ ಮತ್ತು ಬೀಳ್ಕೊಡುವ ದಿನ. ಆ ದಿನಗಳಲ್ಲಿ ಕೊರಿಯನ್ ಸಹೋದ್ಯೋಗಿಗಳು ಎರಡು ಮೆಟ್ಟಿಲು ಮೇಲೇರಿದ ಉಡುಪಿನಲ್ಲಿರುತ್ತಾರೆ. ನೀವೊಬ್ಬರೇ ನಿನ್ನೆಯ ಅಂಗಿಯಲ್ಲಿದ್ದರೆ ಅದನ್ನು ಬಡತನವೆಂದು ಯಾರೂ ತಿಳಿಯುವುದಿಲ್ಲ, ಅಸಡ್ಡೆ ಎಂದು ತಿಳಿಯುತ್ತಾರೆ.

ಹೆಂಗಸರ ವಿಷಯದಲ್ಲಿ ನಮ್ಮವರು ತಲೆಕೆಳಗಾಗಿ ಊಹಿಸುವುದು ಒಂದಿದೆ. ಸ್ಕರ್ಟು ಮಂಡಿಯಿಂದ ತುಸು ಮೇಲಿದ್ದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಆದರೆ ಕೊರಳು ತೆರೆದಿದ್ದರೆ, ಭುಜ ಬರಿದಾಗಿದ್ದರೆ ಕಣ್ಣುಗಳು ಅಲ್ಲಿಗೇ ಹೋಗುತ್ತವೆ. ಅಲ್ಲಿ ದಿನಕ್ಕೆ ಎಷ್ಟೋ ಸಲ ತಲೆಬಾಗಿ ವಂದಿಸಬೇಕಾಗುತ್ತದೆ: ಮುಖ್ಯೋಪಾಧ್ಯಾಯರಿಗೆ, ಅಡುಗೆಮನೆಯವರಿಗೆ, ಕಾರಿಡಾರಿನಲ್ಲಿ ಎದುರಾದ ಪೋಷಕರಿಗೆ. ಬಾಗಿದಾಗ ಅಂಗಿಯ ಕೊರಳು ಜೋಲುತ್ತದೆ, ಅದಕ್ಕಾಗಿಯೇ ಕೊರಿಯನ್ ಹೆಂಗಸರು ಬಾಗುವಾಗ ಎದೆಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಾರೆ. ಅಂಗಿ ಕೊಳ್ಳುವ ಮೊದಲು ಕನ್ನಡಿಯ ಮುಂದೆ ಒಮ್ಮೆ ಬಾಗಿ ನೋಡಿ.

ಇನ್ನು ಕಾಲಿನ ಮಾತು. ಶಾಲೆಯ ಬಾಗಿಲಲ್ಲಿ ಹೊರಗಿನ ಬೂಟು ತೆಗೆದು ಗೂಡಿನಲ್ಲಿಟ್ಟು, ಒಳಗೆ ಬೇರೆ ಚಪ್ಪಲಿ ಹಾಕಿಕೊಳ್ಳುವುದು ಅಲ್ಲಿ ಸಾಮಾನ್ಯ ಪದ್ಧತಿ. ಮಕ್ಕಳಿಗೂ ಅದೇ, ಶಿಕ್ಷಕರಿಗೂ ಅದೇ. ಎತ್ತರದ ಹಿಮ್ಮಡಿಯ ಬೂಟಿಗೆ ಬೆಂಗಳೂರಿನಲ್ಲಿ ಹಣ ಸುರಿದು ಹೋದವರಿಗೆ ಅದು ಗೂಡಿನಲ್ಲೇ ಉಳಿಯುತ್ತದೆ. ಕಾಲುಚೀಲ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದು ಹರಿದಿರಬಾರದು. ಪಾದರಕ್ಷೆಯ ಅಳತೆಯನ್ನು ಅಲ್ಲಿ ಮಿಲಿಮೀಟರಿನಲ್ಲಿ ಹೇಳುತ್ತಾರೆ, 250ಕ್ಕಿಂತ ದೊಡ್ಡ ಪಾದದ ಹೆಂಗಸರಿಗೆ ಸಾಮಾನ್ಯ ಅಂಗಡಿಯಲ್ಲಿ ಸಿಗುವುದು ಕಷ್ಟ, ಊರಿನಿಂದಲೇ ಒಯ್ಯಿರಿ. ಮಧ್ಯಾಹ್ನದ ಊಟ ಮಕ್ಕಳೊಂದಿಗೆ ಸ್ಟೀಲಿನ ತಟ್ಟೆಯಲ್ಲಿ ನಡೆಯುತ್ತದೆ. ಕಿಮ್ಚಿಯ ಕೆಂಪು ರಸ ಬಿಳಿ ಅಂಗಿಯ ಮೇಲೆ ಬಿದ್ದರೆ ಎಷ್ಟು ಒಗೆದರೂ ಕಲೆ ಬಿಡುವುದಿಲ್ಲ. ಅನೇಕ ಪ್ರಾಥಮಿಕ ಶಾಲೆಗಳಲ್ಲಿ ವಾರಕ್ಕೊಮ್ಮೆ, ಹೆಚ್ಚಾಗಿ ಬುಧವಾರ ಸಂಜೆ, ಶಿಕ್ಷಕರೆಲ್ಲ ಸೇರಿ ವಾಲಿಬಾಲ್ ಆಡುತ್ತಾರೆ, ಅದಕ್ಕೊಂದು ಟ್ರ್ಯಾಕ್ ಪ್ಯಾಂಟು ಬೇಕು. ಚಳಿಗಾಲದಲ್ಲಿ ತರಗತಿ ಬೆಚ್ಚಗಿರುತ್ತದೆ, ಕಾರಿಡಾರು ಮತ್ತು ಶೌಚಾಲಯ ಕೊರೆಯುತ್ತವೆ. ಒಂದೇ ದಪ್ಪ ಕೋಟಿಗಿಂತ ಕಳಚಿ ತೊಡಬಹುದಾದ ತೆಳು ಪದರಗಳು ಮೇಲು.

ಸೀರೆಯನ್ನು ಯಾರೂ ನಿಷೇಧಿಸಿಲ್ಲ. ನಾನೇ ಅದನ್ನು ದಿನವೂ ಉಡಲಿಲ್ಲ. ಪ್ರಾಥಮಿಕ ಶಾಲೆಯ ಇಂಗ್ಲಿಷ್ ತರಗತಿ 40 ನಿಮಿಷದ್ದು, ಅದರಲ್ಲಿ ಅರ್ಧ ಹಾಡು, ಕುಣಿತ, ನೆಲದ ಮೇಲೆ ಕುಳಿತು ಆಡುವ ಕಾರ್ಡಿನ ಆಟ. ಮೂರನೆಯ ತರಗತಿಯ ಮಕ್ಕಳೊಂದಿಗೆ ಎರಡೂ ಕೈ ಮೇಲೆತ್ತಿ ಹಾರಬೇಕಾದಾಗ ಸೆರಗು ಮತ್ತು ಸೊಂಟದ ಕಡೆಗೆ ನನ್ನ ಅರ್ಧ ಗಮನ ಹೋಗುವುದು ನನಗೆ ಬೇಕಿರಲಿಲ್ಲ. ಮಂಡಿಯುದ್ದದ ಹತ್ತಿ ಕುರ್ತಾ ಮತ್ತು ಪ್ಯಾಂಟು ನಾನು ಸದಾ ತೊಟ್ಟದ್ದು, ಯಾರೂ ಆಕ್ಷೇಪಿಸಲಿಲ್ಲ. ದುಪಟ್ಟಾವನ್ನು ಮನೆಯಲ್ಲೇ ಬಿಟ್ಟೆ, ಏಕೆಂದರೆ ಅದನ್ನು ಒಂದು ತುದಿಯಲ್ಲಿ ಹಿಡಿದು ನನ್ನ ಹಿಂದೆ ರೈಲು ಬಂಡಿಯಾಗುವುದು ಎರಡನೆಯ ಸಾಲಿನ ಹುಡುಗರಿಗೆ ಬಹಳ ಪ್ರಿಯವಾಗಿತ್ತು. ಮೂಗುಬೊಟ್ಟನ್ನು ತೆಗೆಯಲಿಲ್ಲ. ಮೊದಲ ವಾರ ಇಡೀ ಶಾಲೆಯ ಮಕ್ಕಳು ಸರದಿಯಲ್ಲಿ ಬಂದು ನೋವಾಗುತ್ತದೆಯೇ, ಶೀತವಾದಾಗ ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಆಮೇಲೆ ಯಾರಿಗೂ ಅದು ಕಾಣಿಸಲೇ ಇಲ್ಲ. ಇತರ ದೇಶಗಳ ಪರಿಚಯ ಮಾಡಿಸುವ ಪಾಠದ ದಿನ ಇಳಕಲ್ ಸೀರೆ ಉಟ್ಟೆ, ನೆರಿಗೆ ಹೇಗೆ ನಿಲ್ಲುತ್ತದೆ ಎಂದು ನೋಡಲು ಸಹಶಿಕ್ಷಕಿಯರು ಹೆಚ್ಚು ಕುತೂಹಲದಿಂದಿದ್ದರು.

"ಕೊರಿಯಾದ ಸಂಸ್ಕೃತಿಯೇ ಹಾಗೆ" ಎಂದು ಎಲ್ಲದಕ್ಕೂ ಒಂದೇ ವಾಕ್ಯ ಹೇಳುವವರು ಅಲ್ಲಿನ ಇತ್ತೀಚಿನ ಚರಿತ್ರೆಯನ್ನಾದರೂ ಓದಬೇಕು. 1970ರ ದಶಕದಲ್ಲಿ ಆಗಿನ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಆಡಳಿತದ ಪೊಲೀಸರು ಬೀದಿಯಲ್ಲಿ ಹೆಂಗಸರ ಸ್ಕರ್ಟಿನ ಉದ್ದವನ್ನು ಅಳತೆಪಟ್ಟಿಯಿಂದ ಅಳೆದರು, ಗಂಡಸರ ಉದ್ದ ಕೂದಲನ್ನು ಕತ್ತರಿಸಿದರು. 1983ರಲ್ಲಿ ಶಾಲಾ ಸಮವಸ್ತ್ರದ ಕಡ್ಡಾಯವನ್ನು ಸರ್ಕಾರವೇ ತೆಗೆದುಹಾಕಿತು, ಕೆಲವೇ ವರ್ಷಗಳಲ್ಲಿ ಶಾಲೆಗಳು ಅದನ್ನು ಮರಳಿ ತಂದವು. 2010ರಲ್ಲಿ ಗ್ಯೊಂಗಿ ಪ್ರಾಂತ್ಯ ಮತ್ತು 2012ರಲ್ಲಿ ಸೋಲ್ ನಗರ ವಿದ್ಯಾರ್ಥಿ ಹಕ್ಕುಗಳ ನಿಯಮಾವಳಿಯನ್ನು ತಂದಾಗ, ಕೂದಲು ಮತ್ತು ಉಡುಪಿನ ಸ್ವಾತಂತ್ರ್ಯದ ಬಗ್ಗೆ ಪೋಷಕರು ಮತ್ತು ಶಿಕ್ಷಕರ ನಡುವೆ ದೊಡ್ಡ ವಾದವೇ ನಡೆಯಿತು. ಆ ಜನ ತಮ್ಮೊಳಗೇ ಜಗಳವಾಡಿ ಬದಲಾಯಿಸಿಕೊಳ್ಳುತ್ತಿರುವ ವಿಷಯವನ್ನು ಹೊರಗಿನಿಂದ ನಾವು ಒಂದು ಕಲ್ಲಿನ ಶಾಸನವೆಂಬಂತೆ ಕೇಳುವುದು ಅವರಿಗೂ ಅನ್ಯಾಯ.

ಇಷ್ಟು ಹೇಳಿದರೆ ಪ್ರಶ್ನೆಗೆ ಉತ್ತರ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದ್ದು ದಾವಣಗೆರೆಯ ಕಡೆಯ ಒಬ್ಬ ಯುವ ಶಿಕ್ಷಕಿಯ ಫೋನು. ಇಂಗ್ಲಿಷ್ ಎಂ.ಎ., ಬಿ.ಎಡ್., ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದ ಅನುಭವ ಎಲ್ಲವೂ ಇತ್ತು. ಉಡುಪಿನ ಬಗ್ಗೆ ಬಹಳ ಹೊತ್ತು ಕೇಳಿ, ನಾನು ಕಾರ್ಡಿಗನ್ನು ಮತ್ತು ಕಾಲುಚೀಲದ ಮಾತೆಲ್ಲ ಮುಗಿಸಿದ ಮೇಲೆ, ದನಿ ತಗ್ಗಿಸಿ, "ಮೇಡಂ, ಅರ್ಜಿಗೆ ಫೋಟೊ ಕಳುಹಿಸಬೇಕಲ್ಲ, ಯಾವ ಬಣ್ಣದ ಬಟ್ಟೆ ಹಾಕಿಕೊಂಡರೆ ಸ್ವಲ್ಪ ಬೆಳ್ಳಗೆ ಕಾಣುತ್ತೇನೆ?" ಎಂದಳು. ನನಗೆ ತಕ್ಷಣ ಮಾತು ಹೊರಡಲಿಲ್ಲ. ಅಷ್ಟು ಹೊತ್ತು ಆಕೆ ಕೇಳುತ್ತಿದ್ದದ್ದು ಬಟ್ಟೆಯ ವಿಷಯವಾಗಿರಲೇ ಇಲ್ಲ. ಆಮೇಲೆ ಹಿಂದೆ ಕೇಳಿದವರ ಮಾತುಗಳನ್ನು ನೆನೆಸಿಕೊಂಡೆ. ಕುಂಕುಮ, ಸೀರೆ, ಮೂಗುಬೊಟ್ಟು ಎಂದವರಲ್ಲಿ ಅನೇಕರು ಇದೇ ಭಯವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು.

ಆ ಭಯಕ್ಕೆ ಕಾರಣವಿದೆ. ಕೊರಿಯಾದಲ್ಲಿ ಕೆಲಸದ ಅರ್ಜಿಗೆ ಫೋಟೊ ಅಂಟಿಸುವುದು ಹಳೆಯ ಅಭ್ಯಾಸ. ಹುದ್ದೆಗೆ ಸಂಬಂಧವಿಲ್ಲದಿದ್ದರೂ ಅಭ್ಯರ್ಥಿಯ ಎತ್ತರ, ತೂಕ, ಹುಟ್ಟೂರು, ಮದುವೆಯ ಸ್ಥಿತಿ ಮುಂತಾದವನ್ನು ಕೇಳುವುದನ್ನು 2019ರಲ್ಲಿ ತಿದ್ದುಪಡಿಯಾದ ನೇಮಕಾತಿ ಕಾನೂನು ತಡೆಯಿತು, ಆದರೆ ಅದು 30 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ, ಫೋಟೊ ಕೇಳುವ ಅಭ್ಯಾಸವೂ ಅದರಿಂದ ಹೋಗಲಿಲ್ಲ. ಎಲ್ಲ ಬಗೆಯ ತಾರತಮ್ಯವನ್ನೂ ತಡೆಯುವ ಸಮಗ್ರ ಕಾನೂನಿನ ಮಸೂದೆ 2007ರಲ್ಲೇ ಸಂಸತ್ತಿಗೆ ಬಂದು ಬಿದ್ದುಹೋಯಿತು, ಮುಂದೆ ಮಂಡಿಸಿದವುಗಳಿಗೂ ಅದೇ ಗತಿಯಾಯಿತು. ಗುರುತಿನ ಚೀಟಿಯ ಫೋಟೊಗೆಂದು ನಾನು ಹೋದ ಸ್ಟುಡಿಯೋದವನು ಕೇಳದೆಯೇ ನನ್ನ ಮುಖವನ್ನು ಎರಡು ಛಾಯೆ ತಿಳಿಯಾಗಿಸಿ, ಅದನ್ನೊಂದು ಸೌಜನ್ಯವೆಂಬಂತೆ ನಗುತ್ತಾ ಕೈಗಿತ್ತ. ಅವನು ಕೊರಿಯನ್ನರಿಗೂ ಹಾಗೆಯೇ ಮಾಡುತ್ತಾನೆ. ಮೂಲ ಚಿತ್ರವನ್ನೇ ಮುದ್ರಿಸಿಕೊಡಲು ಹೇಳಿದೆ, ಕೊಟ್ಟ. ನೇಮಕಾತಿಯ ಒಬ್ಬ ದಲ್ಲಾಳಿ ನನ್ನ ಫೋಟೊ ನೋಡಿ ಉತ್ತರಿಸುವುದನ್ನೇ ನಿಲ್ಲಿಸಿದ್ದೂ ಇದೆ. ಇದನ್ನೆಲ್ಲ ಮುಚ್ಚಿಟ್ಟು ಹೊಸಬರಿಗೆ ಕಾರ್ಡಿಗನ್ನಿನ ಬಣ್ಣ ಹೇಳಿಕೊಡುವುದು ನನ್ನಿಂದಾಗದು.

ನೇರವಾಗಿ ಕೇಳಿ: "ಕಪ್ಪು ಮೈಬಣ್ಣದ ಭಾರತೀಯ ಶಿಕ್ಷಕಿಯನ್ನು ಆ ಶಾಲೆಯಲ್ಲಿ ಶಿಕ್ಷಕಿಯಾಗಿ ನೋಡಿದರೇ?" ನಾನು ಬಹಳ ಕಾಲದಿಂದ ಕಾದಿರುವ ಪ್ರಶ್ನೆ ಇದು. ಉತ್ತರ: ಬಾಗಿಲಿನ ಹೊರಗೆ ಕೆಲವರು ನೋಡಲಿಲ್ಲ, ಒಳಗೆ ಮಕ್ಕಳು ಎರಡು ವಾರದಲ್ಲಿ ನೋಡಿದರು, ದೊಡ್ಡವರು ತೆರೆದ ತರಗತಿಯ ನಂತರ ನೋಡಿದರು. ಆ ದಿನ ತಾಯಂದಿರು ಹಿಂದೆ ನಿಂತಿದ್ದರು, ಕೆಲವರ ಮುಖದಲ್ಲಿ ಅನುಮಾನವಿತ್ತು. ಮಾತೇ ಆಡದ ಒಬ್ಬ ಹುಡುಗ ಅಂದು ಎದ್ದು ನಿಂತು ಮೂರು ವಾಕ್ಯ ಹೇಳಿದ. ತರಗತಿ ಮುಗಿದ ಮೇಲೆ ಅವನ ತಾಯಿ ಬಂದು ಬಾಗಿ ವಂದಿಸಿದರು. ನಾನು ಅಂದು ಬೂದು ಕೋಟು ತೊಟ್ಟಿದ್ದೆ, ಅದು ಎಲ್ಲರ ಕೋಟಿನಂತೆಯೇ ಇತ್ತು. ಅನುಮಾನದ ಕಣ್ಣುಗಳನ್ನು ಮೊದಲ ಐದು ನಿಮಿಷ ಸುಮ್ಮನಿರಿಸಲು ಅದು ನೆರವಾಯಿತು, ಉಳಿದ ಮೂವತ್ತೈದು ನಿಮಿಷ ಅದು ಏನನ್ನೂ ಮಾಡಲಿಲ್ಲ.

ಆದ್ದರಿಂದ ಸಂದರ್ಶನದಲ್ಲಿ ನೀವು ಕೇಳಬೇಕಾದದ್ದು ಉಡುಪಿನ ನಿಯಮವನ್ನಲ್ಲ. ನನ್ನ ಜೊತೆ ತರಗತಿಯಲ್ಲಿ ನಿಲ್ಲುವ ಕೊರಿಯನ್ ಶಿಕ್ಷಕರು ಯಾರು, ಪಾಠವನ್ನು ಯೋಜಿಸುವುದು ನಾನೇ, ಅವರೇ, ಇಬ್ಬರೂ ಸೇರಿಯೇ, ಯಾವ ತರಗತಿಗಳು, ವಾರಕ್ಕೆ ಎಷ್ಟು ಅವಧಿ ಎಂದು ಕೇಳಿ. ಸಹಾಯಕ ಶಿಕ್ಷಕಿ ಎಂಬ ಹುದ್ದೆಯಲ್ಲಿ ಕೆಲವರನ್ನು ಧ್ವನಿಮುದ್ರಣದ ಯಂತ್ರದಂತೆ ಮೂಲೆಯಲ್ಲಿ ನಿಲ್ಲಿಸಿ, ಪುಸ್ತಕದ ವಾಕ್ಯ ಓದಿಸಿ ಕಳುಹಿಸುತ್ತಾರೆ, ಕೆಲವರಿಗೆ ಇಡೀ ತರಗತಿಯನ್ನು ಒಪ್ಪಿಸುತ್ತಾರೆ. ನಿಮ್ಮ ವರ್ಷ ಚೆನ್ನಾಗಿರುತ್ತದೆಯೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ.

ದಾವಣಗೆರೆಯ ಆ ಹುಡುಗಿಗೆ ನಾನು ಹೇಳಿದ್ದನ್ನೇ ಉಳಿದವರಿಗೂ ಹೇಳುತ್ತೇನೆ. ಫೋಟೊ ತೆಗೆಸುವಾಗ ಕಿಟಕಿಯ ಬೆಳಕಿಗೆ ಮುಖ ಮಾಡಿ, ಹಿನ್ನೆಲೆ ಸಾದಾ ಇರಲಿ, ಕಾಲರ್ ನೆಟ್ಟಗಿರಲಿ, ಯಾವ ಛಾಯೆಯನ್ನೂ ತಿದ್ದಿಸಬೇಡಿ. ತಿದ್ದಿದ ಮುಖವನ್ನು ನೋಡಿ ಕರೆಸಿಕೊಂಡ ಶಾಲೆಗೆ ಪ್ರತಿ ಬೆಳಿಗ್ಗೆ ತಿದ್ದದ ಮುಖದಲ್ಲಿ ಹೋಗಬೇಕಾಗುವುದು ನೀವೇ. ಎರಡು ಪ್ಯಾಂಟು, ನಾಲ್ಕು ಅಂಗಿ, ಒಂದು ಕಾರ್ಡಿಗನ್, ಒಂದು ಕೋಟು, ನಿಮ್ಮ ಅಳತೆಯ ಬೂಟು ಮತ್ತು ಹರಿಯದ ಕಾಲುಚೀಲ ಒಯ್ಯಿರಿ. ಚಳಿಯ ಬಟ್ಟೆಯನ್ನು ಮೊದಲ ಸಂಬಳದಲ್ಲಿ ಅಲ್ಲಿಯೇ ಕೊಳ್ಳಿ, ನಮ್ಮಲ್ಲಿ ಸಿಗುವುದು ಆ ಚಳಿಗೆ ಸಾಲದು.