ಊರವರು ಅಂತ ಹೇಳಬಾರದು

15 ಡಿಸೆಂಬರ್ 2024, ರವಿವಾರ
ವಿಜಯಪುರ

ಮನೆಯ ವಿಳಾಸ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ‘ಗೋಳಗುಮ್ಮಟದ ಹಿಂದಿನ ರೋಡಿಗೆ ಬಂದು ಫೋನ್ ಮಾಡ್ರಿ.’ ಹಾಲು ತರುವಾಗ ಗುಮ್ಮಟ, ಸ್ಟೇಷನ್ನಿಗೆ ಹೋಗುವಾಗ ಗುಮ್ಮಟ, ಮಾಳಿಗೆ ಮೇಲೆ ಬಟ್ಟೆ ಒಣಹಾಕುವಾಗಲೂ ಗುಮ್ಮಟ. ಆದರೆ ಒಳಗೆ ಕಾಲಿಟ್ಟು ಎಷ್ಟು ವರ್ಷ ಆಯಿತು? ಮೊನ್ನೆ ಊಟದ ಹೊತ್ತಿಗೆ ಹೆಂಡತಿ ಇದನ್ನೇ ಕೇಳಿದಳು. ‘ಮದುವಿಯಾಗಿ ಹನ್ನೊಂದು ವರ್ಷ ಆತು. ಬೀಗರು ಬಂದಾಗ ಹೊರಗ ನಿಂತು ಕಥಿ ಹೇಳಿ ಒಳಗ ಕಳಸ್ತೀರಿ. ನನಗ ಒಮ್ಮೆರ ಮ್ಯಾಲ ಕರಕೊಂಡು ಹೋಗೀರೇನು?’

ಉತ್ತರ ಇರಲಿಲ್ಲ. ಸುಮ್ನೆ ರೊಟ್ಟಿ ಮುರಿದೆ.

ಹಾಗಾಗಿ ಇವತ್ತು ಇಡೀ ದಿನ ನಾವಿಬ್ಬರೂ ಪ್ರವಾಸಿಗರು. ಷರತ್ತೆಲ್ಲ ಅವಳದೇ. ಬೈಕ್ ಮುಟ್ಟುವಂತಿಲ್ಲ. ಊರವರು ಅಂತ ಯಾರಿಗೂ ಹೇಳಬಾರದು. ಬಾಯಿ ಬಿಟ್ಟವರು ಸಂಜೆ ಗಿರ್ಮಿಟ್ ಕೊಡಿಸಬೇಕು.

ಡಿಸೆಂಬರ್ ಅಂದರೆ ಶಾಲೆ ಮಕ್ಕಳ ಪ್ರವಾಸದ ಕಾಲ. ಅವರ ಬಸ್ಸುಗಳು ಬಂದ ಮೇಲೆ ಗುಮ್ಮಟದಲ್ಲಿ ಪಿಸುಮಾತು ಕೇಳುವ ಆಸೆ ಬಿಡಬೇಕು. ಅದಕ್ಕೇ ಬೆಳಿಗ್ಗೆ ಚಳಿಯಲ್ಲೇ ಹೊರಟೆವು. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಕಡಿದು, ಕತ್ತಲು. ಒಟ್ಟು ಏಳು ಅಂತಸ್ತು. ನಾಲ್ಕನೆಯದರಲ್ಲಿ ಕಿಟಕಿಯಿಂದ ಊರು ನೋಡುವ ನೆಪದಲ್ಲಿ ನಾನು ಕೂತೆ. ಅವಳು ಕೂರಲಿಲ್ಲ. ಮೇಲೆ ಹೊರಗೆ ಬಂದರೆ ಗುಮ್ಮಟದ ಬುಡಕ್ಕೆ ಕಲ್ಲಿನ ಕಮಲದ ಎಸಳುಗಳು, ಸುತ್ತಲೂ ಊರು. ನಮ್ಮ ಮನೆ ಹುಡುಕಿದೆವು. ಮಾಳಿಗೆ ಮೇಲೆ ನಿನ್ನೆ ಒಣಹಾಕಿದ ಚಾದರ ಕಂಡಿತು. ತೆಗೆಯುವುದು ಮರೆತಿದ್ದೆವು.

ಆಮೇಲೆ ಒಳಗಿನ ಗ್ಯಾಲರಿ. ಬಗ್ಗಿ ನೋಡಿದ ಕೂಡಲೇ ಅವಳು ನನ್ನ ತೋಳು ಹಿಡಿದಳು. ‘ಕೆಳಗ ಕಂಬ ಇಲ್ಲೇನ್ರಿ?’ ಒಂದೂ ಇಲ್ಲ. ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ. ಒಂದರೊಳಗೊಂದು ಹೆಣೆದ ಕಮಾನುಗಳು ಅದರ ಭಾರವನ್ನು ಗೋಡೆಗೆ ದಾಟಿಸುತ್ತವೆ. ಇಷ್ಟು ಮಾತ್ರ ನನಗೆ ಶಾಲೆಯಿಂದ ನೆನಪಿತ್ತು.

ಅವಳನ್ನು ಒಂದು ಕಡೆ ಕೂರಿಸಿ ನಾನು ಸುತ್ತು ಹಾಕಿ ಎದುರಿಗೆ ಹೋದೆ. ನಡುವೆ ಸುಮಾರು 38 ಮೀಟರ್. ಹುಡುಗರಿದ್ದಾಗ ಇಲ್ಲಿ ಬಂದು ಬರೀ ಕೂಗಿದ್ದೇವೆ. ಕೂಗಿದ್ದು ಏಳು ಸಲ ಕೇಳುತ್ತದೆ ಅಂತ ಎಣಿಸಿದ್ದೇವೆ. ಪಿಸುಗುಟ್ಟಿ ನೋಡುವ ತಾಳ್ಮೆ ಯಾರಿಗಿತ್ತು? ಬಾಗಿದ ಗೋಡೆಯನ್ನು ಹಿಡಿದುಕೊಂಡೇ ದನಿ ಜಾರುತ್ತಾ ಹೋಗುತ್ತದೆ, ಚದುರುವುದಿಲ್ಲ. ಗೋಡೆಗೆ ಮುಖ ಮಾಡಿ ಏನಾದರೂ ಚಂದದ ಮಾತು ಹೇಳಬೇಕು ಅಂತಿದ್ದೆ. ಬಾಯಿಗೆ ಬಂದದ್ದು, ‘ಗ್ಯಾಸ್ ಬಂದ್ ಮಾಡಿ ಬಂದಿಯೇನ?’

ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಉತ್ತರ ಬಂತು. ‘ಮಾಡೀನ್ರಿ. ನಿಮ್ಮ ಮೊಬೈಲ್ ಮನ್ಯಾಗ ಐತಿ.’

ಕಿಸೆ ಮುಟ್ಟಿಕೊಂಡೆ. ಹೌದು, ಇರಲಿಲ್ಲ. ಆ ಹೊತ್ತಿಗೆ ಮೊದಲನೇ ಶಾಲೆ ಮೇಲೆ ಬಂತು. ಆಮೇಲೆ ಕೇಳಿದ್ದು ಬರೀ ಸೀಟಿ ಮತ್ತು ಒಬ್ಬ ಮಾಸ್ತರರ ‘ಏ, ಓಡಬ್ಯಾಡ್ರೋ!’ ಎಷ್ಟು ಸಲ ಅಂತ ಎಣಿಸಲು ಆಗಲಿಲ್ಲ.

ಕೆಳಗೆ ಬಂದಾಗ ಗೈಡ್ ಒಬ್ಬರು ಬೇರೆ ಗುಂಪಿಗೆ ಹೇಳುತ್ತಿದ್ದರು. ನಾವು ಪಕ್ಕದಲ್ಲಿ ಕಿವಿಗೊಟ್ಟು ನಿಂತೆವು. (ದುಡ್ಡು ಕೊಡದೆ ಕೇಳುವುದೂ ಪ್ರವಾಸಿಗರ ಲಕ್ಷಣವೇ.) 1656ರಲ್ಲಿ ತೀರಿಹೋದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ನಿಜವಾದ ಸಮಾಧಿ ನೆಲಮಾಳಿಗೆಯಲ್ಲಿದೆಯಂತೆ. ಕಟ್ಟೆಯ ಮೇಲೆ ಕಾಣುವುದು ಬರೀ ಗುರುತು. ಹೆಂಡತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ಬೀಗರಿಗೆಲ್ಲ ‘ಕಟ್ಟಿ ಮ್ಯಾಲೇ ಮಲಗ್ಯಾನ ನೋಡ್ರಿ’ ಅಂತ ಕಳಿಸಿದವನು ನಾನು.

ಅಲ್ಲಿಂದ ಟಾಂಗಾ. ‘ಎಲ್ಲಿಂದ ಬಂದೀರಿ?’ ಅಂದ ಟಾಂಗಾದವ. ‘ಬೆಂಗಳೂರ್ರಿ’ ಅಂದೆ. ಅವನು ನಕ್ಕು ಕುದುರೆಗೆ ಹೇಳಿದ, ‘ನಡಿಯಪಾ, ಬೆಂಗಳೂರಿನ ಸಾಹೇಬ್ರು ಬಂದಾರ.’ ಇದಕ್ಕೂ ಗಿರ್ಮಿಟ್ ಆಯಿತಲ್ಲ ಅಂದಳು. ನಾನು ಬಾಯಿ ಬಿಟ್ಟಿಲ್ಲ, ಅವನೇ ಹಿಡಿದದ್ದು ಅಂತ ವಾದ ಮಾಡಿ ಗೆದ್ದೆ.

ಮಲಿಕ್-ಎ-ಮೈದಾನ್ ತೋಪು ಬಿಸಿಲಿನಲ್ಲೂ ತಣ್ಣಗೆ ಇರುತ್ತದೆ ಅನ್ನುತ್ತಾರೆ. ಡಿಸೆಂಬರ್ ಬಿಸಿಲಿಗೆ ಏನು ಗೊತ್ತಾಗುತ್ತದೆ! 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ಬಾಯಿಯ ಕಡೆ ಸಿಂಹದ ಮುಖ, ಅದರ ಹಲ್ಲಿಗೆ ಸಿಕ್ಕ ಆನೆ. ಇಂಥದ್ದನ್ನು 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟರೆ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು. ‘ನಮ್ಮ ಓಣಿ ಗುಜರಿಯವನೂ ಜಾಸ್ತಿ ಕೊಡತಿದ್ದ’ ಅಂದಳು ಹೆಂಡತಿ.

ಇಬ್ರಾಹಿಂ ರೋಜಾದಲ್ಲಿ ಹುಲ್ಲಿನ ಮೇಲೆ ಬುತ್ತಿ ಬಿಚ್ಚಬೇಕು ಅಂದುಕೊಂಡಿದ್ದೆವು. ಕಾವಲಿನವರು ಬಿಡಲಿಲ್ಲ. ಹೊರಗೆ ಮರದ ಕೆಳಗೆ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಅಕ್ಷರಗಳನ್ನೇ ಕೊರೆದು ಜಾಲಿ ಮಾಡಿದ ಅಲ್ಲಿನ ಕಿಟಕಿಗಳನ್ನು ಅವಳು ಬಿಟ್ಟು ಬರಲಾರದೆ ಬಂದಳು.

ಸಂಜೆ ಬಾರಾ ಕಮಾನ್, ಕಟ್ಟಿ ಮುಗಿಯದೇ ಉಳಿದ ಗೋರಿ. ಅಪ್ಪನ ಗುಮ್ಮಟವನ್ನು ಮೀರಿಸಲು ಹೊರಟ ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಹೋದ. ಕಮಾನುಗಳು ಮಾತ್ರ ಹಾಗೇ ನಿಂತಿವೆ. ನಾವು ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದೆವು. ಮಂಡ್ಯ ಕಡೆಯ ಮಾತಿನ ಒಂದು ಕುಟುಂಬ ಗಡಿಬಿಡಿಯಲ್ಲಿ ಬಂತು.

‘ಸಾರ್, ಗೋಳಗುಮ್ಮಟಕ್ಕೆ ಯಾವ್ ಕಡೆ ಹೋಗ್ಬೇಕು? ಮುಚ್ಬುಡ್ತಾರಂತೆ.’

‘ಗೊತ್ತಿಲ್ರಿ, ನಾವೂ ನೋಡಾಕ ಬಂದೀವಿ’ ಅಂದಳು ಹೆಂಡತಿ, ಮುಖ ಅಲುಗಿಸದೆ.

ಅವರು ತಿರುಗಿ, ಸರಿಯಾಗಿ ಉಲ್ಟಾ ದಿಕ್ಕಿಗೆ ಹೊರಟರು. ಅಜ್ಜಿಯೊಬ್ಬರು ಹಿಂದೆ ಕುಂಟುತ್ತಾ ಹೋಗುತ್ತಿದ್ದರು. ತಡೆಯಲು ಆಗಲಿಲ್ಲ. ‘ಏ ಯಜಮಾನ್ರ, ಅತ್ತಾಗಲ್ಲ!’ ಅಂತ ಕೂಗಿ ಎದ್ದೆ. ದಾರಿ ಹೇಳಿದೆ, ಆಟೋ ಹಿಡಿದು ಕೊಟ್ಟೆ, ಸಮಾಧಿ ಕಟ್ಟೆಯ ಮೇಲಿಲ್ಲ, ಕೆಳಗಿದೆ ಅಂತಲೂ ಹೇಳಿ ಕಳಿಸಿದೆ.

ಎರಡು ಪ್ಲೇಟ್ ಗಿರ್ಮಿಟ್. ಮಿರ್ಚಿ ಭಜಿಯನ್ನೂ ಅವಳು ನನ್ನ ಲೆಕ್ಕಕ್ಕೇ ಬರೆಸಿದಳು.